ದಪ್ಪ ಅಕ್ಷರದ ಪತ್ರಗಳು

"ಡಿಸ್ಕ್ ತುಂಬಿದೆ" ಎಂದು ಪರದೆ ಮೂರನೆಯ ಸಲ ಹೇಳಿದಾಗ ಮರ್ವಿನ್ ಪೆನ್‌ರೋಸ್ ಪೇಸ್ಟಿ ಎಂಬ ಮಾಂಸದ ಕಡುಬಿನ ಕೊನೆಯ ತುಂಡನ್ನು ಬಾಯಿಗೆ ತುರುಕಿಕೊಂಡು, ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ.

"ಅದೇನು ತಿಂದ್ಯೋ ಹೊಟ್ಟೆ ತುಂಬೋಕೆ!" ಎಂದು ಬೈದ. ಬೈಸಿಕೊಳ್ಳಲು ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಮೇಜಿನ ಕೆಳಗೆ ಗುಂಯ್‌ಗುಡುವ ಹಳೆಯ ಸರ್ವರ್ ಹನ್ನೊಂದು ವರ್ಷದಿಂದ ಆ ಕೆಲಸವನ್ನೂ ಮಾಡಿಕೊಂಡು ಬಂದಿತ್ತು.

ಆಸ್ಟ್ರೇಲಿಯಾದ ಕಡಲತೀರದ ವಾಲರೂ ಊರಿನಲ್ಲಿ ಕುಳಿತು ಗೋಧಿ ಗೋದಾಮುಗಳ ತೂಕದ ಯಂತ್ರಗಳಿಗೆ ಪ್ರೋಗ್ರಾಂ ಬರೆಯುವುದು ಅವನ ಕಸುಬು. ಬುಧವಾರಕ್ಕೊಮ್ಮೆ ತನ್ನ ವೆಬ್ ಪುಟದಲ್ಲಿ ಕಂಪ್ಯೂಟರ್ ಲೋಕಕ್ಕೆ ಬುದ್ಧಿ ಹೇಳುವುದು ಅವನ ಚಟ. ಫ್ರಿಜ್ಜಿಗೆ ಇಂಟರ್ನೆಟ್ ಯಾಕೆ? ಚೆನ್ನಾಗಿ ಓಡುತ್ತಿರುವ ಪ್ರೋಗ್ರಾಮನ್ನು ವರ್ಷಕ್ಕೆ ನಾಲ್ಕು ಸಲ ಬದಲಿಸುವವರಿಗೆ ಬೇರೆ ಕೆಲಸವಿಲ್ಲವೇ? ಪ್ರತಿ ಬರಹದ ಕೊನೆಗೂ "ಒಪ್ಪದವರು ಇಮೇಲ್ ಮಾಡಿ" ಎಂಬ ಸಾಲು. ಆರು ವರ್ಷದಲ್ಲಿ ಬಂದದ್ದು ನಾಲ್ಕೇ ಇಮೇಲ್, ನಾಲ್ಕೂ ಎರಡೆರಡು ಸಾಲಿನವು. ಜಗಳಕ್ಕಾದರೂ ಯಾರಾದರೂ ಬರಲಿ ಎಂದು ಅವನಿಗೆ ಆಸೆಯಿತ್ತು. ಬುಧವಾರ ಸಂಜೆ ಸುಮ್ಮಸುಮ್ಮನೆ ಇಮೇಲ್ ತೆರೆದು ತೆರೆದು ನೋಡುತ್ತಿದ್ದ.

ಡಿಸ್ಕಿನಲ್ಲಿ ಜಾಗ ತಿಂದದ್ದು ಯಾವುದೆಂದು ಹುಡುಕಿದಾಗ ಸಿಕ್ಕಿದ್ದು "ಕಸ" ಎಂಬ ಫೋಲ್ಡರ್. ನೋಡಿದೊಡನೆ ಅವನಿಗೆ ನೆನಪಾಯಿತು. ಅವನ ಮೊತ್ತಮೊದಲ ಬರಹವೇ ಇಮೇಲ್ ಕುರಿತದ್ದು. ಇಮೇಲ್ ಎಂದರೆ ಬರಿಯ ಅಕ್ಷರ. ಅದಕ್ಕೆ ಬಣ್ಣ ಬಳಿದು, ಗಾತ್ರ ಹಿಗ್ಗಿಸಿ ಕಳಿಸುವವರು ಒಂದೋ ಜಾಹೀರಾತಿನವರು, ಇಲ್ಲವೇ ಹೇಳಲು ಏನೂ ಇಲ್ಲದವರು. ಅಂದೇ ತನ್ನ ಕೈಯಾರೆ ಬರೆದ ಇಮೇಲ್ ಪ್ರೋಗ್ರಾಮಿಗೆ ಒಂದು ನಿಯಮ ಸೇರಿಸಿದ್ದ: ಅಲಂಕಾರವಿರುವ ಪತ್ರವೆಲ್ಲ ಕಣ್ಣಿಗೆ ಬೀಳದಂತೆ ನೇರ ಕಸಕ್ಕೆ. ಕಳಿಸಿದವರಿಗೆ ತಿಳಿಸುವುದೂ ಬೇಡ, ಯಂತ್ರ ಬರೆಯುವ ಉತ್ತರಗಳೆಂದರೆ ಅವನಿಗೆ ಆಗದು. ಆದರೆ ಪ್ರೋಗ್ರಾಮರ್ ಆದವನು ಯಾವುದನ್ನೂ ಅಳಿಸಬಾರದು ಎಂಬುದೂ ಅವನದೇ ಅಭಿಪ್ರಾಯವಾದ್ದರಿಂದ ಎಲ್ಲವೂ ಅಲ್ಲೇ ಉಳಿದಿದ್ದವು.

ಹೆಚ್ಚಿನವು ಜಾಹೀರಾತುಗಳೇ. ಒಟ್ಟಿಗೇ ಗುಡಿಸಿಬಿಡೋಣವೆಂದು ಕಳಿಸಿದವರ ಹೆಸರಿನ ಪಟ್ಟಿ ಇಳಿಸುತ್ತ ಹೋದವನ ಬೆರಳು ನಿಂತಿತು. ಗ್ಲೆನಿಸ್ ಹೈನ್ರಿಕ್. ನಲವತ್ಮೂರು ಪತ್ರ.

ಅಡಿಲೇಡ್ ನಗರದ ಹಳೆಯ ಆಫೀಸಿನಲ್ಲಿ ಒಂಬತ್ತು ವರ್ಷ ಎದುರು ಮೇಜಿನಲ್ಲಿ ಕುಳಿತವಳು ಗ್ಲೆನಿಸ್. ಅವನು ಬರೆದ ಒಂದೊಂದು ಸಾಲನ್ನೂ ಎಳೆದು ಜಗಳ ಕಾಯ್ದವಳು, ಮಧ್ಯಾಹ್ನ ಅವನ ಜೊತೆಯೇ ಊಟಕ್ಕೆ ಹೊರಟವಳು. ನಿವೃತ್ತಳಾಗಿ ದೂರದ ಮೌಂಟ್ ಗ್ಯಾಂಬಿಯರ್ ಊರಿಗೆ ಹೋದ ಮೇಲೆ ತನ್ನನ್ನು ಮರೆತಳು ಎಂದು ಅವನು ತೀರ್ಮಾನಿಸಿದ್ದ. ತಾನಾಗಿ ಬರೆಯಲು ಅಭಿಮಾನ ಅಡ್ಡ ಬಂದಿತ್ತು.

ಮೊದಲ ಪತ್ರ ತೆರೆದ. ಒಂದೊಂದು ಅಕ್ಷರವೂ ಹೆಬ್ಬೆರಳ ಗಾತ್ರ.

"ಮರ್ವ್, ನಿನ್ನ ಪುಟ ಸಿಕ್ತು ಕಣೋ! ಹಳೇ ನಂಬರಿಗೆ ಫೋನ್ ಮಾಡಿ ಮಾಡಿ ಸಾಕಾಗಿತ್ತು. ಅಕ್ಷರ ದೊಡ್ಡದು ಅಂತ ಉರ್ಕೋಬೇಡ. ನನ್ನ ಕಣ್ಣು ಹೋಗ್ತಾ ಇದೆ, ಸಣ್ಣಗೆ ಬರೆದ್ರೆ ನಾನು ಬರೆದಿದ್ದು ನಂಗೇ ಕಾಣಲ್ಲ."

ಆಮೇಲಿನದು: "ಫ್ರಿಜ್ ಬಗ್ಗೆ ಬರೆದಿದೀಯಲ್ಲ, ಶುದ್ಧ ಅವಿವೇಕ. ಒಳಗೆ ಏನಿದೆ ಅಂತ ನನ್ನ ಫ್ರಿಜ್ಜು ಫೋನಿಗೆ ಹೇಳುತ್ತೆ, ಫೋನು ನಂಗೆ ಓದಿ ಹೇಳುತ್ತೆ. ನೀನು ಬಂದು ಹೇಳ್ತೀಯಾ?"

ಮರ್ವಿನ್ ಗಟ್ಟಿಯಾಗಿ ನಕ್ಕ. "ಅದ್ಸರಿ ಕಣೇ, ಆ ಫ್ರಿಜ್ ಕಂಪನಿ ಮುಚ್ಚಿದ್ರೆ ಏನ್ಮಾಡ್ತೀಯಾ?" ಎಂದು ಪರದೆಯನ್ನು ಕೇಳಿದ. ಮುಂದಿನ ಪತ್ರದಲ್ಲಿ ಆ ಪ್ರಶ್ನೆಯನ್ನು ಅವಳೇ ಎತ್ತಿಕೊಂಡು ಅವನನ್ನು ಸೋಲಿಸಿದ್ದಳು. ಒಂದರ ಮೇಲೊಂದು ಓದಿದ. ಅವನ ಯಾವ ಅಭಿಪ್ರಾಯವನ್ನೂ ಅವಳು ಸುಮ್ಮನೆ ಬಿಟ್ಟಿರಲಿಲ್ಲ. ಪ್ರತಿ ಪತ್ರದ ತಳದಲ್ಲೂ ಅವಳ ಮನೆಯ ವಿಳಾಸವಿತ್ತು. ಬರಬರುತ್ತ ಪತ್ರಗಳು ಗಿಡ್ಡವಾದವು, ಅಕ್ಷರಗಳು ಇನ್ನೂ ದೊಡ್ಡವಾದವು.

ಕೊನೆಯದು ಬಂದು ಹನ್ನೊಂದು ತಿಂಗಳಾಗಿತ್ತು.

"ಭಾನುವಾರ ತಂಗಿ ಜೊತೆ ವಾಲರೂಗೆ ಬರ್ತೀನಿ. ಹತ್ತರಿಂದ ಹನ್ನೆರಡರ ತನಕ ಸಮುದ್ರದ ಜೆಟ್ಟಿ ಕಟ್ಟೆ ಮೇಲೆ ಇರ್ತೀನಿ. ನಿನ್ನ ಮನೆ ಗೊತ್ತಿದ್ದಿದ್ರೆ ಬಾಗಿಲೇ ಬಡೀತಿದ್ದೆ. ನೀನೇ ಬಂದು ಮಾತಾಡ್ಸು, ನಂಗೆ ಈಗ ಮುಖ ತಿಳಿಯಲ್ಲ. ಬರ್ಲಿಲ್ಲ ಅಂದ್ರೆ ಬೇಡ ಅಂತ ತಿಳ್ಕೋತೀನಿ. ಮತ್ತೆ ಕಾಟ ಕೊಡಲ್ಲ."

ಜೆಟ್ಟಿ ಅವನ ಮನೆಯಿಂದ ಐದು ನಿಮಿಷದ ನಡಿಗೆ. ಆ ಭಾನುವಾರ ಏನು ಮಾಡುತ್ತಿದ್ದೆ ಎಂದು ಕೆಲಸದ ದಾಖಲೆ ತೆಗೆದು ನೋಡಿದ. ಬೆಳಿಗ್ಗೆ ಒಂಬತ್ತರಿಂದ ಒಂದರವರೆಗೆ, ಪುಟ ಬೇಗ ತೆರೆಯುವಂತೆ ಮಾಡಿದ್ದು. ಅದರಿಂದ ಅರ್ಧ ಸೆಕೆಂಡು ಉಳಿತಾಯವಾಗಿತ್ತು. ಅವನಿಗೆ ತನ್ನ ಮೇಲೆಯೇ ಅಸಹ್ಯವಾಯಿತು.

ಮೊದಲು ಆ ನಿಯಮವನ್ನು ಅಳಿಸಿದ. ಆಮೇಲೆ ಅವಳಿಗೆ ಇಮೇಲ್ ಬರೆದು ಕಳಿಸಿದ. ಅರೆಗಳಿಗೆಯಲ್ಲಿ ವಾಪಸು ಬಂತು: ಇಂಥ ವಿಳಾಸ ಈಗ ಇಲ್ಲ. ತಂಗಿಯ ಹೆಸರು ಏನೆಂದು ಯೋಚಿಸಿದ, ಹೊಳೆಯಲಿಲ್ಲ. ಒಂಬತ್ತು ವರ್ಷದಲ್ಲಿ ಕೇಳಿಯೇ ಇರಲಿಲ್ಲ.

ಶೆಡ್ಡಿನಿಂದ ಡಬ್ಬಗಳ ಮೇಲೆ ಬರೆಯುವ ಕಪ್ಪು ಮಾರ್ಕರ್ ತಂದು ಅಡುಗೆಮನೆಯ ಮೇಜಿಗೆ ಕುಳಿತ. ಒಂದು ಹಾಳೆಗೆ ನಾಲ್ಕೇ ಪದ ಹಿಡಿಸಿದವು. ಎಷ್ಟೋ ವರ್ಷದಿಂದ ಕೈಯಲ್ಲಿ ಬರೆಯದ ಅವನ ಅಕ್ಷರ ಸೊಟ್ಟಪಟ್ಟ. ಎರಡು ಹಾಳೆ ಹರಿದು ಮತ್ತೆ ಬರೆದ. ಮುಗಿಯುವಾಗ ಮಧ್ಯಾಹ್ನ ಮೂರಾಗಿತ್ತು, ಆ ಬುಧವಾರದ ಅಭಿಪ್ರಾಯ ಹಾಕುವುದು ಮರೆತೇಹೋಗಿತ್ತು.

ಅಂಚೆ ಕಚೇರಿಯ ಟ್ರೂಡಿ ಲಕೋಟೆಯನ್ನು ಕೈಯಲ್ಲೇ ತೂಗಿ ನೋಡಿದಳು. "ಏನ್ ಮರ್ವ್, ಪುಸ್ತಕ ಬರೆದ್ಯಾ?"

"ಇಲ್ಲ ಮಾರಾಯ್ತಿ. ಹತ್ತು ಸಾಲು."

ಅವಳು ಲಕೋಟೆ ತಿರುಗಿಸಿದಳು. "ಹಿಂದುಗಡೆ ನಿನ್ನ ವಿಳಾಸನೇ ಇಲ್ವಲ್ಲ. ಅಲ್ಲಿ ಯಾರೂ ಇಲ್ಲ ಅಂದ್ರೆ ಇದು ವಾಪಸ್ ಎಲ್ಲಿಗೆ ಬರಬೇಕು?"

ಆ ಯೋಚನೆಯನ್ನು ಮರ್ವಿನ್ ಬೆಳಗಿನಿಂದ ಹತ್ತಿರ ಬಿಟ್ಟುಕೊಂಡಿರಲಿಲ್ಲ. ಈಗ ಜೇಬಿನಿಂದ ಮಾರ್ಕರ್ ತೆಗೆದು, ಲಕೋಟೆಯನ್ನು ಕೌಂಟರಿನ ಮೇಲೆ ಒತ್ತಿ ಹಿಡಿದು, ಮನೆ ನಂಬರು ಬರೆದ. ಕೆಳಗೆ ಬೀದಿಯ ಹೆಸರು ಶುರುಮಾಡಿದ.

"ಅಯ್ಯೋ, ಇಷ್ಟು ದೊಡ್ಡದಾಗಿ ಬರೆದ್ರೆ ಊರ ಹೆಸರಿಗೆ ಜಾಗ ಎಲ್ಲಿ?" ಎಂದಳು ಟ್ರೂಡಿ.

"ಹಿಡಿಸುತ್ತೆ ಬಿಡು" ಎಂದು ಅವನು ಬಗ್ಗಿ ಬರೆಯುತ್ತಲೇ ಇದ್ದ.