ಬಾಣಂತಿ ಮಾಡಿದ ರೆಕ್ಕೆಗಳು

ಕೂಸಿಗೆ ಮೂರನೇ ತಿಂಗಳು ನಡೆಯುತ್ತಿದ್ದರೂ ಶಿವರಂಜನಿ ಅದನ್ನು ತಾನಾಗಿ ಎತ್ತಿಕೊಂಡಿರಲಿಲ್ಲ. ಹಂಗಳದ ತವರುಮನೆಯಲ್ಲಿ ಅವ್ವ ಚಂದ್ರಮತಿಯೇ ಕೂಸನ್ನು ತಂದು ಅವಳ ಮಡಿಲಿಗೆ ಹಾಕಬೇಕು, ಹಾಲು ಕುಡಿದು ಮುಗಿಸುವವರೆಗೂ ಪಕ್ಕದಲ್ಲೇ ಕೂತಿರಬೇಕು. "ಬಾಣಂತಿ ಸನ್ನಿ, ಸರಿಹೋಯ್ತದೆ ಬುಡು" ಎಂದರು ನೆರೆಯವರು. ಸರಿಹೋಗಲಿಲ್ಲ. ಅವಳು ಊಟ ಬಿಟ್ಟಳು, ತಲೆ ಬಾಚುವುದನ್ನೂ ಬಿಟ್ಟಳು.

ಗಂಡ ಸೋಮಶೇಖರ್ ಅವಳನ್ನು ಚಾಮರಾಜನಗರದ ಆಸ್ಪತ್ರೆಗೆ ಕರೆದೊಯ್ದ. ಡಾಕ್ಟರಮ್ಮ ಮಾತ್ರೆ ಬರೆದು, ಮೊದಲು ಯಾವ ಕೆಲಸ ಇಷ್ಟವಿತ್ತು ಎಂದು ಕೇಳಿದರು.

"ಗುಂಡ್ಲುಪೇಟೆಲಿ ನರ್ಸರಿ ಟೀಚರಾಗಿದ್ಲು ಮೇಡಂ," ಎಂದ ಸೋಮಶೇಖರ್. "ಫ್ಯಾನ್ಸಿ ಡ್ರೆಸ್‌ಗೆ ಮಕ್ಕಳ ಕಿನ್ನರಿ ರೆಕ್ಕೆನೆಲ್ಲಾ ಇವ್ಳೇ ಮಾಡೋಳು."

"ಹಾಗಾದರೆ ಅದನ್ನೇ ಮಾಡಲಿ. ಮನಸ್ಸು ಸ್ವಲ್ಪ ಹಗುರಾಗುತ್ತೆ."

ವಾಪಸು ಬರುವಾಗ ಗುಂಡ್ಲುಪೇಟೆಯಲ್ಲಿಳಿದು ತಂತಿ, ನೆಟ್ ಬಟ್ಟೆ, ಅಂಟು, ಮಿಂಚಿನ ಪುಡಿ ಕೊಂಡರು.

ತಂತಿ ಬಗ್ಗಿಸಿ, ಬಟ್ಟೆ ಬಿಗಿದು ಅಂಟಿಸುವಷ್ಟು ಹೊತ್ತು ಅವಳಿಗೆ ಉಸಿರಾಡಲು ಆಗುತ್ತಿತ್ತು. ಕೈ ನಿಂತೊಡನೆ ತಲೆಯೊಳಗೆ ಯಾರಿಗೂ ಹೇಳಲಾಗದ ಅದೇ ಚಿತ್ರ. ಹಾಗಾಗಿ ಕೈ ನಿಲ್ಲಿಸಲು ಹೆದರಿದಳು. ಕಿಟಕಿಗೆ, ಮೊಳೆಗೆ, ಬಟ್ಟೆಯ ಹಗ್ಗಕ್ಕೆ ರೆಕ್ಕೆಗಳು ತೂಗಿದವು. ತಂತಿ ಚುಚ್ಚಿ ಬೆರಳು ಹುಣ್ಣಾದವು. ಮಗಳು ಹುಷಾರಾಗುತ್ತಿದ್ದಾಳೆಂದು ಅವ್ವ ಹಿಗ್ಗಿದಳು.

ಒಂದು ಮಧ್ಯಾಹ್ನ ಅವ್ವ, "ಒಂದ್ ಗಳಿಗೆ ಕೂಸ್ನ ನೋಡ್ಕೊ ಕಣಮ್ಮಿ, ಬಟ್ಟೆ ಒಣಾಕ್ಬುಟ್ ಬತ್ತೀನಿ" ಎಂದು ಹಿತ್ತಲಿಗೆ ಹೋದಳು. ಕೂಸು ಎದ್ದು ಅಳತೊಡಗಿತು. ಶಿವರಂಜನಿ ರೆಕ್ಕೆಯ ಮೇಲೆ ಇನ್ನಷ್ಟು ಬಗ್ಗಿದಳು. ಅಳು ಏರಿತು, ಕೈಯಲ್ಲಿದ್ದ ನೆಟ್ ಬಟ್ಟೆ ಪರ್ರನೆ ಹರಿಯಿತು. ಅವಳು ಗೋಡೆಗೆ ಒರಗಿ, ಎರಡೂ ಕೈಗಳನ್ನು ತೊಡೆಯಡಿ ಅದುಮಿಕೊಂಡು ಕಿರುಚಿದಳು:

"ಅವ್ವಾ, ಬೇಗ ಬಾ! ನನ್ ಜೊತೆ ಕೂಸ್ನ ಬುಡ್ಬೇಡ!"

ಚಂದ್ರಮತಿ ಒದ್ದೆ ಸೀರೆಯ ಸಮೇತ ಓಡಿಬಂದು ಕೂಸನ್ನು ಎತ್ತಿಕೊಂಡಳು. "ಏನಾಯ್ತಮ್ಮಿ?"

"ಎತ್ಕೊಂಡ್ರೆ ನೀರಿನ್ ತೊಟ್ಟಿಗೆ ಹಾಕ್ಬುಡ್ತೀನೇನೋ ಅನ್ನಿಸ್ತದೆ ಕಣವ್ವ. ದಿನಾ ಅದೇ ಕಣ್ಮುಂದೆ ಬತ್ತದೆ. ನನ್ ಕೈ ಕಂಡ್ರೇ ನಂಗೆ ಭಯ. ಅದ್ಕೇ ಈ ರೆಕ್ಕೆಗಳ್ನ ಮಾಡ್ತಾ ಕೂತಿದ್ದೆ."

ಬೈಗುಳಕ್ಕೆ ಕಾದು ಅವಳು ಕಣ್ಣು ಮುಚ್ಚಿದಳು. ಚಂದ್ರಮತಿ ಬಯ್ಯಲಿಲ್ಲ. ಮಗಳ ಪಕ್ಕ ಕುಸಿದು ಕೂತು, "ಇಷ್ಟು ದಿನ ಒಬ್ಳೇ ಹೊತ್ಕೊಂಡಿದ್ಯಾ ನನ್ನವ್ವ?" ಎಂದಳು. "ಏಳು, ಈಗ್ಲೇ ಆಸ್ಪತ್ರೆಗೆ ಓಗನ."

ಬಸ್ಸಿನಲ್ಲಿ ದಾರಿಯುದ್ದಕ್ಕೂ ಶಿವರಂಜನಿ ಅತ್ತಳು. ಡಾಕ್ಟರಮ್ಮ ಎಲ್ಲ ಕೇಳಿಸಿಕೊಂಡು, ಇದು ವಾಸಿಯಾಗುವ ಕಾಯಿಲೆ, ಹೇಳಿದ್ದು ಒಳ್ಳೆಯದಾಯಿತು ಎಂದು ಅವಳನ್ನು ಅಡ್ಮಿಟ್ ಮಾಡಿಸಿಕೊಂಡರು. ಭಯ ಇನ್ನೂ ಹೋಗಿರಲಿಲ್ಲ. ಮಂಚದ ಪಕ್ಕ ಅವ್ವ ಕೂಸನ್ನು ತಟ್ಟುತ್ತ ಕೂತಿದ್ದಳು. ಅದನ್ನು ನೋಡುತ್ತ ನೋಡುತ್ತ ಶಿವರಂಜನಿಗೆ ನಿದ್ದೆ ಹತ್ತಿತು.