ಉಡಿಯ ತೂಕ

"ನಿಮ್ಮ ತಕ್ಕಡಿಗೆ ಹೊಟ್ಟಿ ಭಾಳ ದೊಡ್ಡದೈತ್ರಿ ತಾರೀಖಣ್ಣ," ಎನ್ನುತ್ತ ನೇತ್ರಾ ಬಿಲ್ಲನ್ನು ಕೌಂಟರಿನ ಮೇಲೆ ಬಡಿದಳು. "ನಮ್ಮ ಮನ್ಯಾಗ ತೂಗಿದಾಗ ಒಂದು ಕಿಲೋದ ಒಳಗ ಇರತೈತಿ. ಇಲ್ಲಿಗೆ ಬರೂದ್ರಾಗ ಅದ ಹೆಂಗ ಮ್ಯಾಲೇರತೈತಿ? ದಾರ್ಯಾಗ ಏನರ ಉಂಡು ಬರತೈತೇನು?"

ಗದಗಿನ ಆ ಕೊರಿಯರ್ ಆಫೀಸಿನಲ್ಲಿ ತಾರೀಖನಿಗೆ ಇಂಥ ಜಗಳ ಹೊಸದಲ್ಲ. ತಿಂಗಳ ಬಿಲ್ಲು ಕೈಗೆ ಬಂದ ದಿನ ಎಲ್ಲರಿಗೂ ಅವನ ತಕ್ಕಡಿಯ ಮೇಲೆ ಸಿಟ್ಟು. ಆದರೆ ನೇತ್ರಾಳ ಸಿಟ್ಟಿಗೆ ಕಾರಣವಿತ್ತು. ಬೆಟಗೇರಿಯ ಮನೆಯಿಂದ ಆನ್‌ಲೈನಿನಲ್ಲಿ ಸೀರೆ ಮಾರುವ ಅವಳ ಅಂಗಡಿಗೆ ಬರುವ ಯುಗಾದಿಗೆ ವರ್ಷ ತುಂಬುತ್ತಿತ್ತು. ಬಸ್ಸಿನಲ್ಲಿ ಒಂದು ಸ್ಟೇಜು ಹೆಚ್ಚಿಗೆ ಹೋದರೂ ಮುಂದಿನ ಟಿಕೀಟು ತೆಗೆಸಿದ ಹಾಗೆ, ಪಾರ್ಸಲ್ಲು ಕಿಲೋದ ಗೆರೆ ಒಂದಿಷ್ಟೇ ದಾಟಿದರೂ ದರ ಮೇಲಕ್ಕೆ ಹಾರುತ್ತಿತ್ತು. ಅವಳ ಬಿಲ್ಲಿನಲ್ಲಿ ಪ್ರತಿಯೊಂದು ಸೀರೆಯೂ ಆ ಗೆರೆ ದಾಟಿತ್ತು. ಉಳಿಯಬೇಕಾದ ದುಡ್ಡೆಲ್ಲ ಅಲ್ಲೇ ಸೋರಿ ಹೋಗುತ್ತಿತ್ತು.

"ಅಕ್ಕಾರ, ತಕ್ಕಡಿ ನಮ್ಮಪ್ಪಂದಲ್ಲ, ಕಂಪನೀದು," ಎಂದ ತಾರೀಖ ಸಮಾಧಾನದಿಂದ. "ಇವತ್ತಿಂದು ಪಾರ್ಸಲ್ ಇಲ್ಲೇ ಐತಿ. ನಿಮ್ಮ ಮುಂದ ತೂಗತೀನಿ. ನಂಬಿಕಿ ಬರಲಿಲ್ಲಂದ್ರ ನಿಮ್ಮ ಕೈಲೇ ಬಿಚ್ಚಿ ನೋಡ್ರಿ."

ತೂಗಿದ. ಗೆರೆ ದಾಟಿತು. ನೇತ್ರಾ ತಾನೇ ಅಂಟುಪಟ್ಟಿ ಕಿತ್ತು, ಬಂಗಾರದ ಅಕ್ಷರದಲ್ಲಿ ಅಂಗಡಿಯ ಹೆಸರು ಅಚ್ಚು ಹಾಕಿಸಿದ್ದ ಗಟ್ಟಿ ಡಬ್ಬಿಯ ಮುಚ್ಚಳ ತೆಗೆದಳು. ಒಳಗೆ ನೇರಳೆ ಬಣ್ಣದ ಸೀರೆ ಅವಳು ಮಡಿಸಿದ ಹಾಗೆಯೇ ಇತ್ತು. ಆದರೆ ಸೆರಗಿನ ಮಡಿಕೆಯೊಳಗೆ ಕೈಯಾಡಿಸಿದಾಗ ಏನೋ ಗಟ್ಟಿಯಾಗಿ ತಗುಲಿತು. ಹೊರಗೆಳೆದರೆ ಒಂದು ಪುಟ್ಟ ಬಟ್ಟೆಯ ಗಂಟು. ಬಿಚ್ಚಿದಳು. ಅರಿಶಿಣ ಹಚ್ಚಿದ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿಣ ಬೇರು, ಅಡಿಕೆ.

ಹಿಂದೆ ಮೆಣಸಿನಕಾಯಿ ಚೀಲ ಹಿಡಿದು ನಿಂತಿದ್ದ ಗೃಹಸ್ಥನೊಬ್ಬ ಕಿಸಕ್ಕನೆ ನಕ್ಕ. ತಾರೀಖ ನಗಲಿಲ್ಲ. ಬಗ್ಗಿ ನೋಡಿ, "ಉಡಿ ಅಲ್ರೀ ಇದು?" ಎಂದ. "ನಮ್ಮ ತಂಗಿ ಫಿಜಾ ಗಂಡನ ಮನಿಗೆ ಹೋಗೂಮುಂದ ನಮ್ಮಮ್ಮಾನೂ ಹಿಂಗ ಮಡಿಲಾಗ ತುಂಬಿದ್ಲು."

ನೇತ್ರಾಳ ಮುಖ ಕೆಂಪಾಯಿತು. ಡಬ್ಬಿಯಲ್ಲಿ ಅಕ್ಕಿಕಾಳು ಸಿಕ್ಕವು ಎಂದು ಕೊಂಡವಳೊಬ್ಬಳು ಹಿಂದೆ ಬರೆದಿದ್ದಾಗ, ಇವರ ಗೋದಾಮಿನಲ್ಲಿ ಇಲಿ ಇರಬೇಕೆಂದು ಇದೇ ತಾರೀಖನಿಗೆ ಫೋನು ಮಾಡಿ ಬೈದಿದ್ದಳು. ಉಳಿದವರು ಗಂಟನ್ನು ಅಂಗಡಿಯ ಕಾಣಿಕೆಯೆಂದುಕೊಂಡು ಏನೂ ಬರೆದಿರಲಿಕ್ಕಿಲ್ಲ. ಈಗ ಯಾವ ಬಿಲವಿದ್ದರೂ ಸಾಕು, ಹೊಕ್ಕು ಕೂತೇನು ಅನಿಸಿತು. ಆ ಇಲಿ ತನ್ನ ಮನೆಯದೇ, ಮತ್ತು ಅದರ ಹಣೆಯ ಮೇಲೆ ಅತ್ತೆಯ ಕುಂಕುಮವಿತ್ತು.

ಮನೆಯಲ್ಲಿ ಕೆಲಸ ಹಂಚಿಕೊಂಡದ್ದೇ ಹಾಗೆ. ಫೋಟೋ ತೆಗೆಯುವುದು, ಆರ್ಡರು ನೋಡುವುದು, ಡಬ್ಬಿಯಲ್ಲಿಟ್ಟು ತೂಗುವುದು ನೇತ್ರಾಳ ಕೆಲಸ. ಡಬ್ಬಿ ಮುಚ್ಚುವುದು ಮಾತ್ರ ಸೀರೆ ನೇಯ್ದ ಅತ್ತೆ ಗದಿಗೆವ್ವನದು. "ಕಡೀಕ ಒಮ್ಮಿ ಕುಂಕುಮ ಹಚ್ಚಿ ಕಳಸತೀನವಾ" ಎಂದು ಮುದುಕಿ ಕೇಳಿಕೊಂಡಿದ್ದಳು. ಬೇಡವೆನ್ನಲು ನೇತ್ರಾಳಿಗೆ ಕಾರಣವೇನಿತ್ತು? ಕುಂಕುಮಕ್ಕೆ ಎಷ್ಟು ತೂಕ!

ಸೀರೆಯನ್ನಷ್ಟೇ ಕಳಿಸಿ ಅವಳು ಮನೆಗೆ ಬಂದಾಗ ಗದಿಗೆವ್ವ ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ಲಾಳಿ ಓಡಿಸುತ್ತಿದ್ದಳು. ನೇತ್ರಾ ಗಂಟನ್ನು ತಂದು ಮಗ್ಗದ ದಂಡೆಯ ಮೇಲಿಟ್ಟಳು. ಲಾಳಿ ನಿಂತಿತು.

"ಇದ್ಯಾಕ ತಿರುಗಿ ತಂದಿ?" ಎಂದಳು ಗದಿಗೆವ್ವ ಗಾಬರಿಯಿಂದ. "ಆಕೀಗೆ ಮುಟ್ಟಲಿಲ್ಲೇನು?"

"ಅತ್ತೀ, ಎಷ್ಟು ದಿನದಿಂದ ಹಾಕಾಕತ್ತೀರಿ?"

"ಮೊದಲನೇ ಸೀರಿಯಿಂದ."

"ಎಲ್ಲಾದಕ್ಕೂ?"

"ಮತ್ತ? ಹೆಣ್ಣಮಗಳಿಗೆ ಸೀರಿ ಹೊಂಟೈತಿ. ಬರೇ ಸೀರಿ ಹೆಂಗ ಕಳಸಬೇಕವಾ? ನಾಲ್ಕು ಮಂದಿ ಏನಂದಾರು? ಮನಿಗೆ ಬಂದ ಪರದೇಶಿ ಹೆಣ್ಣಿಗೂ ಉಡಿ ತುಂಬಿ ಕಳಸತೀವಿ, ಇವರು ರೊಕ್ಕಾ ಕೊಟ್ಟು ನನ್ನ ಕೈಯಾಗಿನ ಸೀರಿ ಉಟ್ಟಾವರು."

ಗದಿಗೆವ್ವ ಹೀಗೆ ಹೇಳುವುದಕ್ಕೆ ಹಿನ್ನೆಲೆಯಿತ್ತು. ಮದುವೆಯಾಗಿ ಈ ಮನೆ ಹೊಕ್ಕಾಗಿನಿಂದ ಅವಳು ಸಾವಕಾರರ ನೂಲಿಗೆ, ಸಾವಕಾರರು ಹೇಳಿದ ಬಣ್ಣಕ್ಕೆ ಕೂಲಿ ನೇಯ್ದವಳು. ನೇಯ್ದ ಸೀರೆ ಸಾವಕಾರರ ಆಳಿನ ಬಗಲಲ್ಲಿ ಹೊಸ್ತಿಲು ದಾಟಿತೆಂದರೆ ತೀರಿತು, ಯಾರು ಉಟ್ಟರೋ ಯಾರು ಹರಿದರೋ ಖಬರಿಲ್ಲ. ಒಮ್ಮೆ ಮಾತ್ರ ಲಕ್ಕುಂಡಿಯ ಮದುವೆಯೊಂದರಲ್ಲಿ ಯಾರದೋ ಮೈಮೇಲೆ ತಾನು ನೇಯ್ದ ಸೀರೆಯ ಅಂಚಿನ ದಡಿ ಗುರುತು ಹಿಡಿದು, ಆ ಹೆಂಗಸಿನ ಬೆನ್ನು ಹತ್ತಿ ಊಟದ ಪಂಕ್ತಿಯ ತನಕ ಹೋಗಿದ್ದಳು. ಆ ಹೆಂಗಸು ಇವಳನ್ನು ಕಳ್ಳಿಯೆಂದುಕೊಂಡು ಕೊರಳ ಸರ ಮುಚ್ಚಿಕೊಂಡಿದ್ದಳು. ಈಗಲೂ ಆ ಕಥೆ ಹೇಳುವಾಗ ಗದಿಗೆವ್ವ ನಗುತ್ತಾಳೆ, ನಗುತ್ತಲೇ ಕಣ್ಣೊರೆಸಿಕೊಳ್ಳುತ್ತಾಳೆ.

ಆನ್‌ಲೈನ್ ಅಂಗಡಿ ಬಂದಮೇಲೆ ಅವಳಿಗೆ ಮೊದಲ ಬಾರಿಗೆ ತನಗೆ ಬೇಕಾದ ಬಣ್ಣ ಕೂಡಿಸಿ ನೇಯುವ ಹಕ್ಕು ಬಂತು. ಅದಕ್ಕಿಂತ ದೊಡ್ಡದು, ಪ್ರತಿ ಸೀರೆಗೂ ಒಂದು ಹೆಸರು, ಒಂದು ಊರು ಬಂತು. ನೇತ್ರಾ ಮೊಬೈಲು ನೋಡಿ ಓದುವಳು: "ಡಿಬ್ರೂಗಢ." ಗದಿಗೆವ್ವ ಬಾಯಿ ತೆರೆದು ಕೂರುವಳು. "ಅದು ಯಾ ಕಡೀಗೆ?" ನೇತ್ರಾ ಕೈ ತೋರಿಸಿದ ಕಡೆ ಮುದುಕಿ ತಿರುಗಿ ನೋಡಿದರೆ ಅಲ್ಲಿ ಇದ್ದದ್ದು ಪಕ್ಕದ ಮನೆಯ ಗೋಡೆ. ಆದರೂ ಬಹಳ ಹೊತ್ತು ನೋಡುವಳು, ಗೋಡೆಯಾಚೆ ಯಾರೋ ತನ್ನ ಸೀರೆಯ ನಿರಿಗೆ ಹಿಡಿಯುತ್ತಿರುವುದು ಕಾಣುತ್ತಿದೆ ಎಂಬಂತೆ. ಭೂಮಿ ಇಷ್ಟು ದೊಡ್ಡದೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಅದಕ್ಕೆಲ್ಲ ತನ್ನ ಮಗ್ಗದಿಂದ ದಾರಿಯಿದೆಯೆಂದಂತೂ ಕನಸಿನಲ್ಲೂ ಎಣಿಸಿರಲಿಲ್ಲ.

ಇದೆಲ್ಲ ಗೊತ್ತಿದ್ದುದರಿಂದಲೇ ಆ ದಿನ ನೇತ್ರಾಳಿಗೆ ಬಾಯಿ ಬಿಡುವುದು ಕಷ್ಟವಾಯಿತು. ಆದರೂ ಬಿಟ್ಟಳು. ಜಾಲತಾಣಕ್ಕೆ ವರ್ಷದ ಬಾಡಿಗೆ, ಜನರ ಕಣ್ಣಿಗೆ ಬೀಳಲಿಕ್ಕೆ ಜಾಹೀರಾತು, ದುಡ್ಡು ಬ್ಯಾಂಕಿಗೆ ಬಂದು ಬೀಳಲಿಕ್ಕೆ ನಡುವಿನವರ ಕಡಿತ, ಡಬ್ಬಿ, ಕೊರಿಯರು, ತಿರುಗಿ ಬಂದರೆ ಎರಡು ಕಡೆಯ ಕೊರಿಯರು.

ಗದಿಗೆವ್ವ ಗಲ್ಲದ ಮೇಲೆ ಕೈಯಿಟ್ಟು ಕೇಳಿದಳು. "ಕಾಣಸಾಕೂ ಬಾಡಗಿ, ಹೋಗಾಕೂ ಬಾಡಗಿ, ನಮ್ಮ ರೊಕ್ಕಾ ನಮ್ಮ ಕಡೆ ಬರಾಕೂ ಬಾಡಗಿ! ಅಂಗಡಿಗೆ ಒಂದು ಬಾಗಲಾನೂ ಇಲ್ಲ, ಗೋಡಿನೂ ಇಲ್ಲ, ಇಷ್ಟು ತಿಂತೈತೇನವಾ ಅದು?"

"ಹೂಂರಿ. ಅದಕ್ಕ ಅವರು ಯುಗಾದಿ ತನಕ ನೋಡಿ ಮುಚ್ಚೋಣು ಅನ್ನಾಕತ್ತಾರ."

ಅವರು ಎಂದರೆ ನೇತ್ರಾಳ ಗಂಡ ಸೋಮೇಶ, ಹುಲಕೋಟಿಯ ಮಿಲ್ಲಿಗೆ ಪಾಳಿ ಮೇಲೆ ಹೋಗುವವನು. ಕೆಟ್ಟವನಲ್ಲ. ಅವನ ಪಗಾರದಿಂದಲೇ ಅಂಗಡಿಯ ತೂತು ಮುಚ್ಚುತ್ತ ಬಂದಿತ್ತು. ಅಂಗಡಿ ಮುಚ್ಚಿದರೆ ಗದಿಗೆವ್ವ ಮತ್ತೆ ಸಾವಕಾರರ ನೂಲಿಗೆ ಕೂರಬೇಕು, ಅಷ್ಟೇ. ಆ ಅಷ್ಟೇ ಎಂಬುದು ಎಷ್ಟೆಂದು ಅತ್ತೆ ಸೊಸೆ ಇಬ್ಬರಿಗೂ ಗೊತ್ತಿತ್ತು.

ಗದಿಗೆವ್ವ ಗಂಟನ್ನು ಕೈಗೆತ್ತಿಕೊಂಡಳು. "ಇಷ್ಟ ಇಷ್ಟು ಅಕ್ಕಿ," ಎಂದು ಅಂಗೈಯಲ್ಲಿಟ್ಟು ತೂಗಿ ನೋಡಿದಳು. "ಇದರಿಂದ ಅಂಗಡಿ ಮುಳಗತೈತಿ ಅಂತ ನನಗ ಹೆಂಗ ಗೊತ್ತಾಗಬೇಕು? ಆತವಾ. ಇನ್ನ ಹಾಕೂದಿಲ್ಲ."

ಆಡಿದ ಮಾತಿಗೆ ತಪ್ಪಲಿಲ್ಲ. ಮುಂದೆ ಜೈಪುರಕ್ಕೆ ಹೋಗಬೇಕಾಗಿದ್ದ ಸೀರೆ ಉಡಿಯಿಲ್ಲದೆ ಹೋಯಿತು. ಡಬ್ಬಿ ಮುಚ್ಚಲು ಕರೆದರೆ, "ನೀನ ಮುಚ್ಚವಾ, ನನ್ನ ಕೈಗೆ ನೂಲು ಹತ್ತೇತಿ," ಎಂದಳು. ಕೊಂಡವಳ ಹೆಸರೇನೆಂದು ಕೇಳಲಿಲ್ಲ. ಊರು ಯಾವ ಕಡೆಯೆಂದೂ ಕೇಳಲಿಲ್ಲ. ಮಗ್ಗದ ಸದ್ದು ಮೊದಲಿನಂತೆಯೇ ಇತ್ತು, ನೇಯ್ಗೆಯಲ್ಲೂ ಒಂದು ಎಳೆ ತಪ್ಪಿರಲಿಲ್ಲ. ಆದರೆ ಸಾವಕಾರರ ಕಾಲದಲ್ಲಿ ಅತ್ತೆ ಹೀಗೇ ನೇಯುತ್ತಿದ್ದಿರಬೇಕು ಎಂದು ನೇತ್ರಾಳಿಗೆ ಹೊಳೆಯಿತು. ಅಂಗಡಿ ಉಳಿಸಲು ಹೋಗಿ ಯಾರಿಗಾಗಿ ತೆರೆದಿದ್ದಳೋ ಅವರನ್ನೇ ಹೊರಗಿಟ್ಟ ಹಾಗಾಗಿತ್ತು.

ಆ ಸೀರೆ ತಿರುಗಿ ಬಂತು. ಬಣ್ಣ ಫೋಟೋದಲ್ಲಿ ಇದ್ದ ಹಾಗಿಲ್ಲವಂತೆ. ಹೋಗುವ ಖರ್ಚು, ಬರುವ ಖರ್ಚು, ನಡುವಿನವರು ಕಡಿದುಕೊಂಡದ್ದು, ಎಲ್ಲ ನೇತ್ರಾಳ ತಲೆಯ ಮೇಲೆ.

"ಬರಿಗೈಲೆ ಹೋತು, ಬರಿಗೈಲೆ ಬಂತು," ಎಂದಳು ಗದಿಗೆವ್ವ. ಹಂಗಿಸಲಿಲ್ಲ, ಗಂಡನ ಮನೆಯಿಂದ ತಿರುಗಿ ಬಂದ ಮಗಳ ತಲೆ ಸವರುವ ಹಾಗೆ ಸೀರೆಯ ಮಡಿಕೆ ಸವರಿದಳು.

"ಉಡಿ ಇಲ್ಲದ್ದಕ್ಕ ಅಲ್ರೀ ಅತ್ತಿ, ಬಣ್ಣದ ಸಲುವಾಗಿ," ಎಂದಳು ನೇತ್ರಾ. ಬಿ.ಕಾಂ. ಓದಿದವಳು ಬೇರೆ ಏನು ಹೇಳಬೇಕು? ಆದರೆ ಸಿಟ್ಟು, ಅಳು ಎರಡೂ ಒಟ್ಟಿಗೆ ಬಂದು, ಸೀರೆ ಹೊರಗೆ ತೆಗೆದ ಮೇಲೆ ಕೈಯಲ್ಲಿ ಉಳಿದ ಖಾಲಿ ಡಬ್ಬಿಯನ್ನು ಅಡುಗೆಮನೆಯ ಕಟ್ಟೆಗೆ ಬಿಸಾಡಿದಳು. ಅದು ಹೋಗಿ ತಕ್ಕಡಿಯ ಮೇಲೆಯೇ ಕೂತಿತು.

ತಕ್ಕಡಿ ತೋರಿಸಿದ ಅಂಕಿಯನ್ನು ನೇತ್ರಾ ಬಗ್ಗಿ ನೋಡಿದಳು. ಆಮೇಲೆ ಡಬ್ಬಿ ತೆಗೆದು ಅಂದಿನ ಉಡಿಯ ಗಂಟನ್ನು ಇಟ್ಟಳು. ಅಂಕಿ ಕೆಳಗಿಳಿಯಿತು. ಮತ್ತೆ ಡಬ್ಬಿ ಇಟ್ಟಳು, ಮತ್ತೆ ಮೇಲೇರಿತು.

ಆ ಡಬ್ಬಿ ಅವಳ ಹೆಮ್ಮೆ. ಗಿರಾಕಿ ಡಬ್ಬಿ ತೆರೆಯುವ ಗಳಿಗೆಯಲ್ಲೇ ಮರುಳಾಗಬೇಕೆಂದು ಯಾವುದೋ ವಿಡಿಯೋದಲ್ಲಿ ಯಾರೋ ಹೇಳಿದ್ದನ್ನು ನಂಬಿ ಮಾಡಿಸಿದ್ದು. ಕಡಿಮೆ ಸಂಖ್ಯೆಯಲ್ಲಿ ಮಾಡಿಕೊಡುವುದಿಲ್ಲ ಎಂದು ಅಚ್ಚಿನವನು ಗಾಡಿ ತುಂಬ ಹೇರಿದ್ದ; ಅಟ್ಟದ ಮೇಲೆ ಇನ್ನೂ ರಾಶಿಯಿತ್ತು. ಅಂಗಡಿಯ ಖರ್ಚುಗಳನ್ನೆಲ್ಲ ಅತ್ತೆಯ ಮುಂದೆ ಹೇಳಿದವಳು ಡಬ್ಬಿಯೆಂಬುದನ್ನು ಉಸಿರು ಬಿಡದೆ ದಾಟಿಸಿಬಿಟ್ಟಿದ್ದಳಲ್ಲ! ಮೂಗಿಗಿಂತ ಮೂಗುತಿ ಭಾರವೆಂದರೆ ಇದೇ. ನೇತ್ರಾಳಿಗೆ ಅಳುವಿನ ನಡುವೆಯೇ ನಗು ಬಂತು. ನಗುತ್ತ ನಗುತ್ತ ನೆಲಕ್ಕೆ ಕೂತುಬಿಟ್ಟಳು.

"ಏನಾತವಾ? ಯಾಕ ಹಿಂಗ?" ಗದಿಗೆವ್ವ ಮಗ್ಗದ ಕುಣಿಯಿಂದ ಎದ್ದು ಓಡಿ ಬಂದಳು.

"ಅತ್ತೀ, ನಮ್ಮ ಮನಿ ಇಲಿ ನೀವಲ್ರೀ. ನಾನು."

ಮಾರನೆಯ ದಿನ ಹಳೆಯ ಹತ್ತಿ ಸೀರೆಯೊಂದನ್ನು ಕತ್ತರಿಸಿ ನೇತ್ರಾ ಚೀಲಗಳನ್ನು ಹೊಲಿದಳು. ಮಳೆಗೆ ನೆನೆಯದ ಹಾಗೆ ಮೇಲೊಂದು ತೆಳ್ಳಗಿನ ಹೊದಿಕೆ. ಅಟ್ಟದ ಡಬ್ಬಿಗಳು ಕೆಳಗಿಳಿದು ಗದಿಗೆವ್ವನ ನೂಲಿನ ಕಂಡಿಕೆಗಳಿಗೆ ಮನೆಯಾದವು, ಬಂಗಾರದ ಅಕ್ಷರಗಳ ಸಮೇತ. ಸೋಮೇಶ ಪಾಳಿ ಮುಗಿಸಿ ಬಂದು ಹೊಸ ಲೆಕ್ಕ ಕೇಳಿದ. ಗಳಿಕೆಯೇನೂ ಕೊಪ್ಪರಿಗೆ ತುಂಬುವಂತಿರಲಿಲ್ಲ, ಆದರೆ ಸೋರುವುದು ನಿಲ್ಲುತ್ತಿತ್ತು. ಅವನು ತಾಯಿಯ ಮುಖವನ್ನೊಮ್ಮೆ, ಹೆಂಡತಿಯ ಮುಖವನ್ನೊಮ್ಮೆ ನೋಡಿ, "ಆತು, ಇನ್ನೊಂದು ವರ್ಷ ಹೊಡೀರಿ," ಎಂದು ಕಾಲು ತೊಳೆಯಲು ಹೋದ.

ಯುಗಾದಿಯ ಹೊಸ್ತಿಲಲ್ಲಿ, ತಿರುಗಿ ಬಂದಿದ್ದ ಅದೇ ಸೀರೆಗೆ ಗಿರಾಕಿ ಸಿಕ್ಕಳು. ಊರು ಲೇಹ್.

"ಹೆಸರೇನವಾ ಆಕೀದು?" ಎಂದಳು ಗದಿಗೆವ್ವ. ಲಾಳಿ ನಿಂತಿತ್ತು.

"ಡೋಲ್ಮಾ ಅಂತ್ರಿ. ಅಲ್ಲಿ ಹಿಮ ಬೀಳತೈತಿ. ಗುಡ್ಡದ ತುದಿಗೆ ಊರು. ಕಪ್ಪತಗುಡ್ಡದಂಥಾವು ಹತ್ತಾರು ಒಂದರ ಮ್ಯಾಲ ಒಂದು ಇಟ್ಟರ ಎಷ್ಟೋ, ಅಷ್ಟು ಎತ್ತರ."

"ಶಿವನ!" ಗದಿಗೆವ್ವ ಎರಡೂ ಕೈ ಎದೆಗೆ ಒತ್ತಿಕೊಂಡಳು. "ಅಷ್ಟು ಚಳ್ಯಾಗ ನಮ್ಮ ಸೀರಿ ಹೆಂಗ ಉಡತಾಳವ್ವಾ ಆಕಿ? ಒಂದು ಉತ್ತತ್ತಿ ಹೆಚ್ಚಿಗಿ ಹಾಕತೀನಿ, ಮೈಗೆ ಕಾವು ಕೊಡತೈತಿ. ನಿನ್ನ ತಕ್ಕಡಿಗೆ ನಡೀತೈತೇನು?"

"ನಡೀತೈತ್ರಿ."

ಈ ಸಲ ಮುದುಕಿ ತಾನೂ ಬರುತ್ತೇನೆಂದು ಹಟ ಹಿಡಿದಳು. ಪಾರ್ಸಲ್ಲನ್ನು ಸೆರಗಿನೊಳಗೆ ಇಟ್ಟುಕೊಂಡೇ ಆಟೋದಲ್ಲಿ ಕೂತಳು. ಕೊರಿಯರ್ ಆಫೀಸಿನೊಳಗೆ ಕಾಲಿಟ್ಟವಳು ಬಾಗಿಲಲ್ಲೇ ನಿಂತುಬಿಟ್ಟಳು. ಗೋಡೆಯುದ್ದಕ್ಕೂ ಚೀಲಗಳು, ಚೀಲದ ತುಂಬ ಪೊಟ್ಟಣಗಳು, ಒಂದೊಂದರ ಮೇಲೂ ಒಂದೊಂದು ಹೆಸರು.

"ಇವೆಲ್ಲಾ ಯಾರ ಮನಿಗಪ್ಪಾ?"

"ಎಲ್ಲಾ ಕಡೀಗೂ ಹೋಗತಾವ್ರಿ ದೊಡ್ಡವ್ವಾರ," ಎಂದ ತಾರೀಖ. "ಬೆಳಗಾಗೂದ್ರಾಗ ಯಾವೂ ಇಲ್ಲಿ ಇರೂದಿಲ್ಲ."

ಗದಿಗೆವ್ವ ಗರ್ಭಗುಡಿಯ ಮುಂದೆ ನಿಂತವಳ ಹಾಗೆ ದನಿ ತಗ್ಗಿಸಿ, "ಇಷ್ಟು ಮಂದಿ ಅದಾರ ನೋಡವಾ ಜಗತ್ತಿನಾಗ," ಎಂದಳು ಸೊಸೆಗೆ. ನೇತ್ರಾಳಿಗೂ ಆ ಕೋಣೆ ಅಂದು ಮೊದಲ ಬಾರಿಗೆ ಕಂಡಂತಾಯಿತು. ಎಷ್ಟು ಸಲ ಬಂದಿದ್ದಳು. ಬಿಲ್ಲು ಬಿಟ್ಟು ಬೇರೇನನ್ನೂ ನೋಡಿರಲಿಲ್ಲ.

ತಾರೀಖ ತೂಗಿದ. ಅಂಕಿ ಏರಿತು, ತುಸು ತಡವರಿಸಿತು, ಗೆರೆಯ ಒಳಗೆ ನಿಂತಿತು. ಅವನು ಚೀಟಿ ಅಂಟಿಸಿ, ರೂಢಿಯಂತೆ ಪಾರ್ಸಲ್ಲನ್ನು ದೂರದ ಚೀಲಕ್ಕೆ ಎಸೆಯಲು ಕೈಯೆತ್ತಿದ.

"ಹಗೂರಕಪ್ಪಾ!" ಎಂದಳು ಗದಿಗೆವ್ವ. "ಒಳಗ ಉಡಿ ಐತಿ."

ಎತ್ತಿದ ಕೈ ಹಾಗೇ ನಿಂತಿತು. ತಾರೀಖ ಕೌಂಟರಿನ ಹಿಂದಿನಿಂದ ಹೊರಗೆ ಬಂದ. ಪಾರ್ಸಲ್ಲನ್ನು ಎರಡೂ ಕೈಯಲ್ಲಿ ಹಿಡಿದು, ಚೀಲಗಳ ನಡುವೆ ದಾರಿ ಮಾಡಿಕೊಂಡು ಹೋಗಿ, ಬಗ್ಗಿ, ಎಲ್ಲಕ್ಕಿಂತ ಮೇಲೆ ಇಟ್ಟ. ಇಟ್ಟಮೇಲೆ ಕೆಳಗಿನ ಉಳಿದ ಪೊಟ್ಟಣಗಳನ್ನೂ ಒಂದೊಂದಾಗಿ ನೆಟ್ಟಗೆ ಮಾಡತೊಡಗಿದ.