ಲೈನ್ ಕ್ಲಿಯರ್

ಗುಬ್ಬಿ ತಾಲ್ಲೂಕಿನ ಒಂದು ಸಬ್‌ಸ್ಟೇಷನ್ನಿನಲ್ಲಿ ರಂಗರಾಜು ಇಪ್ಪತ್ತಾರು ವರ್ಷದಿಂದ ಆಪರೇಟರ್. ಅಷ್ಟೂ ವರ್ಷ ಅವನ ಬಾಯಲ್ಲಿ ದಿನವೂ ಓಡಾಡಿದ ಮಾತು ‘ಕ್ಲಿಯರ್’. ಲೈನ್‌ಮನ್‌ಗಳು ಕಂಬ ಹತ್ತುವ ಮೊದಲು ಫೋನ್ ಮಾಡಿ ಕ್ಲಿಯರ್ ಕೇಳುತ್ತಿದ್ದರು. ಅಂದರೆ, ಕರೆಂಟ್ ತೆಗಿ. ಕೆಲಸ ಮುಗಿಸಿ ಕೆಳಗಿಳಿದ ಮೇಲೆ ಮತ್ತೆ ಫೋನ್ ಮಾಡಿ ಕ್ಲಿಯರ್ ಅನ್ನುತ್ತಿದ್ದರು. ಅಂದರೆ, ಕರೆಂಟ್ ಕೊಡು. ಗೊಂದಲವಾಗಬಾರದೆಂದು ಪ್ರತಿ ಸಲಕ್ಕೂ ಒಂದು ನಂಬರ್ ಇರುತ್ತಿತ್ತು. ಕರೆಂಟ್ ತೆಗೆದಾಗ ಆಪರೇಟರ್ ಆ ನಂಬರ್ ಹೇಳಬೇಕು. ವಾಪಸ್ ಕೊಡಿ ಎನ್ನುವಾಗ ಲೈನ್‌ಮನ್ ಅದನ್ನೇ ತಿರುಗಿ ಹೇಳಬೇಕು. ದನಿ ಕೇಳಿದರೇ ಆಳು ಗೊತ್ತಾಗುವಷ್ಟು ಸಲಿಗೆ ಬೆಳೆದ ಮೇಲೆ ನಂಬರಿನ ಮಾತು ಒಮ್ಮೊಮ್ಮೆ ಬಿಟ್ಟುಹೋಗುತ್ತಿತ್ತು.

ಚನ್ನೇಶ್ ಮಾತ್ರ ಬಿಡುತ್ತಿರಲಿಲ್ಲ. ಮೂವತ್ತೊಂದರ ಹುಡುಗ, ಕುಣಿಗಲ್ ಕಡೆಯ ಹೆಣ್ಣು ತಂದು ಮೂರು ವರ್ಷವಾಗಿತ್ತು. ಒಂದು ಕಂಬ ಇಳಿದು ಇನ್ನೊಂದು ಹತ್ತುವ ಮುಂಚೆ ಮತ್ತೊಮ್ಮೆ ಫೋನ್ ಮಾಡಿ ಕೇಳುವಷ್ಟು ಪುಕ್ಕಲ ಎಂದು ಜೊತೆಯವರು ಆಡಿಕೊಳ್ಳುತ್ತಿದ್ದರು.

ಆಷಾಢದ ಒಂದು ಬುಧವಾರ ಗಾಳಿಗೆ ತೋಟದ ತೆಂಗಿನ ಗರಿಗಳು ತಂತಿಯ ಮೇಲೆ ಬಿದ್ದಿದ್ದವು. ಹನ್ನೊಂದರ ಹೊತ್ತಿಗೆ ಚನ್ನೇಶ್ ಫೋನ್ ಮಾಡಿದ. ರಂಗರಾಜು ಆ ಲೈನಿನ ಕರೆಂಟ್ ತೆಗೆದು, ನಂಬರ್ ಹೇಳಿ, ಪುಸ್ತಕದಲ್ಲಿ ಬರೆದ. ಅಷ್ಟರಲ್ಲಿ ತುಮಕೂರಿನಲ್ಲಿ ಓದುತ್ತಿದ್ದ ಮಗಳು ಪಲ್ಲವಿಯಿಂದ ಮೆಸೇಜ್ ಬಂತು: ‘ಅಪ್ಪಾ, ಎಲ್ಲಾ ಸಬ್ಜೆಕ್ಟೂ ಕ್ಲಿಯರ್!’ ಎರಡು ಸಲ ಫೇಲಾಗಿ ಊಟ ಬಿಟ್ಟು ಕೂತಿದ್ದ ಹುಡುಗಿ. ರಂಗರಾಜುವಿನ ಕಣ್ಣು ಮಂಜಾಯಿತು. ಹೆಂಡತಿ ವನಜಮ್ಮನಿಗೆ ಫೋನ್ ಹಚ್ಚಿದ.

“ಎಲ್ಲಾನೂವಾ?” ವನಜಮ್ಮ ನಂಬಲಿಲ್ಲ.

“ಎಲ್ಲಾನೂ ಕಣೇ. ಸಾಯಂಕಾಲ ಏನಾರ ಸಿಹಿ ಮಾಡು.”

ಮಾತಿನ ನಡುವೆಯೇ ಚನ್ನೇಶನ ಕರೆ ಬಂತು. ವನಜಮ್ಮನನ್ನು ಕಾಯಲು ಹೇಳಿ ಅದನ್ನು ಎತ್ತಿದ. ಆ ಕಡೆ ಬರೀ ಗಾಳಿಯ ಸದ್ದು. ಅದರೊಳಗಿಂದ, “ಅಣ್ಣ, ಕ್ಲಿಯರ್...”

“ಹ್ಞೂಂ, ಕ್ಲಿಯರ್ ಕಣಪ್ಪ,” ಎಂದ ರಂಗರಾಜು. ಕರೆ ಕಟ್ಟಾಯಿತು. ಅವನು ಎದ್ದುಹೋಗಿ ಸ್ವಿಚ್ ತಿರುಗಿಸಿ ಕರೆಂಟ್ ಕೊಟ್ಟ. ಹಿಂದಕ್ಕೆ ಬಂದು, “ಹೇಳೇ,” ಎಂದು ವನಜಮ್ಮನೊಂದಿಗೆ ಮಾತು ಮುಂದುವರಿಸಿದ. ಶಾವಿಗೆ ಪಾಯಸವೋ ಹೋಳಿಗೆಯೋ ಎಂಬ ಚರ್ಚೆ ನಡೆದಿತ್ತು. ಕಾಲು ಗಂಟೆಯ ನಂತರ ಚನ್ನೇಶನ ಜೊತೆಗಿದ್ದ ಗಂಗಹನುಮಯ್ಯನ ಫೋನ್ ಬಂತು. ಆ ವಯಸ್ಸಾದ ಗಂಡಸು ಫೋನಿನಲ್ಲಿ ಚೀರುತ್ತಿದ್ದ.

ಚನ್ನೇಶನನ್ನು ಕಂಬದಿಂದ ಇಳಿಸುವಾಗಲೇ ಜೀವವಿರಲಿಲ್ಲ.

ಮೂರನೆಯ ದಿನ ಗಂಗಹನುಮಯ್ಯ ರಂಗರಾಜುವಿನ ಮನೆಗೆ ಬಂದ. ಒಳಗೆ ಬರಲಿಲ್ಲ, ಬಾಗಿಲ ಹೊರಗೇ ನಿಂತ.

“ಅವ್ನು ಮುಗೀತು ಅನ್ನಲಿಲ್ಲ ಕಣಪ್ಪ, ಕೇಳ್ದ. ‘ಅಣ್ಣ, ಕ್ಲಿಯರಾ?’ ಅಂತ ಕೇಳ್ದ. ಒಂದು ಕಂಬ ಇಳಿದು ಎರಡನೇದು ಹತ್ತೋಕೆ ಮುಂಚೆ. ನೀನು ಹ್ಞೂಂ ಅಂದ್ಯಂತೆ. ‘ಅಣ್ಣ ಇವತ್ತು ಖುಸಿಯಾಗವ್ನೆ’ ಅಂತ ನಗ್‌ನಗ್ತಾ ಹತ್ತುದ.”

ಕ್ಲಿಯರಾ. ಕ್ಲಿಯರ್. ನಡುವೆ ಇದ್ದದ್ದು ಒಂದು ಎಳೆತ. ಅದನ್ನು ಗಾಳಿ ಹೊತ್ತುಕೊಂಡು ಹೋಗಿತ್ತು. ಗಾಳಿಯನ್ನು ದೂರಿ ಏನು ಮಾಡುವುದು? ನಂಬರ್ ಎಷ್ಟಪ್ಪ ಎಂದು ಒಂದು ಮಾತು ಕೇಳಿದ್ದರೆ ಸಾಕಾಗಿತ್ತು. ಅದನ್ನು ಕೇಳಲು ಮರೆತವನು ತಾನು.

ಆಮೇಲೆ ಆ ಮಾತು ಅವನನ್ನು ಎಲ್ಲೆಂದರಲ್ಲಿ ಹಿಡಿಯತೊಡಗಿತು. ಎದೆ ಹಿಡಿದಂತಾಗಿ ಡಾಕ್ಟರ ಹತ್ತಿರ ಹೋದರೆ ಅವರು ಎಕ್ಸ್‌ರೇ ಎತ್ತಿ ನೋಡಿ, “ಏನಿಲ್ಲ, ಎಲ್ಲಾ ಕ್ಲಿಯರಾಗಿದೆ,” ಎಂದರು. ಲಾರಿ ಕೆಟ್ಟು ನಿಂತ ರಸ್ತೆಯಲ್ಲಿ ಪೊಲೀಸಿನವನು, “ಕ್ಲಿಯರ್ ಮಾಡ್ರೀ,” ಎಂದು ಕೂಗಿದಾಗ ರಂಗರಾಜು ಸ್ಕೂಟರ್ ಬದಿಗೆ ನಿಲ್ಲಿಸಿ ಕೂತುಬಿಟ್ಟ. ಪಲ್ಲವಿ ಮಾರ್ಕ್ಸ್‌ಕಾರ್ಡ್ ತಂದು ಕಾಲಿಗೆ ನಮಸ್ಕರಿಸಿದಾಗ ಅವಳ ತಲೆ ಮುಟ್ಟಿದನೇ ಹೊರತು ಮುಖ ನೋಡಲಾಗಲಿಲ್ಲ. ಹಿಂದೆ ಫೇಲಾದದ್ದಕ್ಕೆ ಅಪ್ಪನಿಗೆ ಇನ್ನೂ ಸಿಟ್ಟಿದೆ ಎಂದುಕೊಂಡು ಅವಳು ಒಳಗೆ ಹೋಗಿ ಅತ್ತಳು.

ಇಲಾಖೆಯ ವಿಚಾರಣೆಯ ಹಿಂದಿನ ದಿನ ಮೇಲಧಿಕಾರಿ ಬಸವರಾಜ್ ಅವನನ್ನು ಕ್ಯಾಂಟೀನಿಗೆ ಕರೆದುಕೊಂಡು ಹೋದ.

“ರಂಗಣ್ಣ, ‘ಕೆಲಸ ಮುಗೀತು, ಕ್ಲಿಯರ್’ ಅಂತ ಅವ್ನೇ ಹೇಳ್ದ ಅಂತ ಬರೆದುಬುಡು. ಸುಳ್ಳೇನಲ್ಲವಲ್ಲ, ನಿನ್ನ ಕಿವಿಗೆ ಬಿದ್ದಿದ್ದು ಹಂಗೇ ತಾನೆ? ಗಂಗಹನುಮಯ್ಯ ಗುತ್ತಿಗೆಯೋನು, ಅವನ ಬಾಯಿ ನಾನು ನೋಡ್ಕೋತೀನಿ. ರಿಟೈರಾಗೋಕೆ ಇನ್ನು ಮೂರೇ ವರ್ಷ ಇಟ್ಕೊಂಡು ಯಾಕೆ ಹಾಳಾಗ್ತೀಯ?”

“ಹಂಗೆ ಬರೆದ್ರೆ ತಪ್ಪು ಅವನದಾಗುತ್ತೆ.”

“ಅವ್ನಿಗಿನ್ನೇನು ಆಗ್ಬೇಕು?”

“ಅವನ ಹೆಂಡ್ತಿಗೆ ಆಗುತ್ತಲ್ಲ. ಪರಿಹಾರ, ನೌಕ್ರಿ ಎಲ್ಲಾ ತಪ್ಪಿಹೋಗುತ್ತೆ.”

ಬಸವರಾಜ್ ಕಾಫಿ ಅರ್ಧಕ್ಕೇ ಬಿಟ್ಟು ಎದ್ದುಹೋದ. ಅಂದು ಸಂಜೆ ರಂಗರಾಜು ವನಜಮ್ಮನಿಗೆ ಎಲ್ಲವನ್ನೂ ಹೇಳಿದ. ಆ ಹೊತ್ತಿನಲ್ಲಿ ತಾನು ಯಾರ ಜೊತೆ ಮಾತಾಡುತ್ತಿದ್ದೆ ಎಂಬುದನ್ನೂ. ವನಜಮ್ಮ ಅಕ್ಕಿ ಆರಿಸುತ್ತಿದ್ದವಳು ಮೊರವನ್ನು ಪಕ್ಕಕ್ಕಿಟ್ಟಳು. “ನಿಜ ಹೇಳ್ಬುಡಿ,” ಎಂದಳು. “ಅವತ್ತಿನ ಪಾಯಸದ ಮಾತು ನನ್ನ ಗಂಟಲಲ್ಲೇ ಐತೆ.”

ತುಮಕೂರಿನಿಂದ ಬಂದ ಅಧಿಕಾರಿ ನಂದಿತಾ ಮೇಡಂ ನಿಧಾನದ ಹೆಂಗಸು. “ಅವರು ಕ್ಲಿಯರ್ ಅಂದಾಗ ನೀವು ಯಾವ ಅರ್ಥ ತಗೊಂಡ್ರಿ?” ಎಂದು ಕೇಳಿದರು.

“ನನಗೆ ಬೇಕಾದ ಅರ್ಥ ತಗೊಂಡೆ, ಮೇಡಂ. ಬೇಗ ಫೋನ್ ಇಡಬೇಕಾಗಿತ್ತು.”

“ನಂಬರ್ ಕೇಳಿದ್ರಾ?”

“ಇಲ್ಲ. ಅವನು ಕೇಳಿದ್ದು ಪ್ರಶ್ನೆ. ನಾನು ಉತ್ತರ ಅಂದ್ಕೊಂಡೆ. ತಪ್ಪು ನಂದು.”

ಅವರು ಬರೆಯುತ್ತಿದ್ದ ಪೆನ್ನು ನಿಲ್ಲಿಸಿ ಅವನನ್ನು ಒಮ್ಮೆ ನೋಡಿದರು. ಆಮೇಲೆ ಅಷ್ಟನ್ನೂ ಬರೆದುಕೊಂಡು, ಕೆಳಗೆ ಸಹಿ ಹಾಕಿಸಿಕೊಂಡರು.

ರಂಗರಾಜು ಸಸ್ಪೆಂಡ್ ಆದ. ಪೊಲೀಸ್ ಕೇಸೂ ಆಯಿತು. ಚನ್ನೇಶನ ಹೆಂಡತಿ ಅಕ್ಷತಾಳಿಗೆ ಅನುಕಂಪದ ನೌಕರಿಯ ಆದೇಶ ಬಂದದ್ದು ಮುಂದಿನ ವರ್ಷ ಯುಗಾದಿ ಕಳೆದ ಮೇಲೆ. ಅದು ಗೊತ್ತಾದ ಮೇಲಷ್ಟೇ ರಂಗರಾಜು ಧೈರ್ಯ ಮಾಡಿ ಕುಣಿಗಲ್ಲಿನ ಅವಳ ತವರಿಗೆ ಹೋದ. ದೊಡ್ಡ ಕೆರೆಯ ಕಡೆಗಿನ ಸಣ್ಣ ಮನೆ. ಅಕ್ಷತಾ ಕುರ್ಚಿ ಹಾಕಿ, ನೀರು ತಂದುಕೊಟ್ಟಳು. ಎರಡು ವರ್ಷದ ಮಗು ಅವಳ ಸೆರಗಿನ ಹಿಂದೆ ನಿಂತು ಇವನನ್ನೇ ನೋಡುತ್ತಿತ್ತು.

ರಂಗರಾಜು ಲೋಟ ಕೈಯಲ್ಲಿ ಹಿಡಿದು ಕೂತ. “ನನ್ನಿಂದ ಆಯ್ತು ಕಣಮ್ಮ,” ಎಂದಷ್ಟೇ ಹೇಳಿ ತಲೆ ತಗ್ಗಿಸಿದ.

“ಗೊತ್ತು ಅಣ್ಣ. ನೀವು ಹೇಳಿ ಸಹಿ ಹಾಕಿದ್ದನ್ನ ಓದಿದೀನಿ.” ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. “ಅವರು ಮನೇಲಿ ನಿಮ್ಮ ವಿಷಯ ಬಾಳ ಹೇಳೋರು. ರಂಗಣ್ಣ ಡ್ಯೂಟೀಲಿದ್ರೆ ಭಯ ಇಲ್ಲ ಅನ್ನೋರು.”

ರಂಗರಾಜು ಲೋಟವನ್ನು ಕೆಳಗಿಟ್ಟ. ಅದು ವಾಲಿ ನೀರು ಚೆಲ್ಲಿತು. ಅವಳು ಬಟ್ಟೆ ತಂದು ನೆಲ ಒರೆಸಿದಳು.

ಹೊರಡುವಾಗ ಬಾಗಿಲವರೆಗೂ ಬಂದಳು. “ಅಣ್ಣ, ಇನ್ಮೇಲೆ ಬರಬ್ಯಾಡಿ. ಕೋಪಕ್ಕೆ ಹೇಳ್ತಿಲ್ಲ. ಅವರು ಕೊನೇಲಿ ಕೇಳಿದ್ದು ನಿಮ್ಮ ದನೀನ. ನೀವು ಮಾತಾಡ್ತಾ ಇದ್ರೆ ನನಗೆ ಅದೇ ಕೇಳುಸ್ತದೆ.”

ಅವನು ಕೈ ಮುಗಿದು ಬೀದಿಗಿಳಿದ. ಬಸ್‌ಸ್ಟ್ಯಾಂಡಿನಲ್ಲಿ ತುಮಕೂರು ಬಸ್ಸು ಹೊರಡುವುದರಲ್ಲಿತ್ತು. ಕಿಟಕಿಯ ಪಕ್ಕ ಕೂತ. ಕಂಡಕ್ಟರ್ ಬಂದು, “ಎಲ್ಲಿಗೆ ಯಜಮಾನ್ರೇ?” ಎಂದು ಕೇಳಿದ. ರಂಗರಾಜು ಬಾಯಿ ತೆರೆದ. ದನಿ ಹೊರಡಲಿಲ್ಲ. ಕಂಡಕ್ಟರ್ ಇನ್ನೊಮ್ಮೆ ಕೇಳಿ, ಉತ್ತರ ಬಾರದ್ದನ್ನು ಕಂಡು, ಹಿಂದಿನ ಸೀಟಿನವರಿಗೆ ಟಿಕೆಟ್ ಕೊಟ್ಟು ಬರುತ್ತೇನೆಂದು ಹಿಂದಕ್ಕೆ ಸರಿದ.